ನಾಲೆ ಏರಿ ಮೇಲೆ ಕಂಡದ್ದು

ಶಂಭುಲಿಂಗಪ್ಪನವರ ಕಣ್ಣಿಗೆ ಪೊರೆ ಆಪರೇಷನ್ ಆದಮೇಲೆ ಕಾರು ಓಡಿಸುವ ಕೆಲಸ ಸೊಸೆ ನಯನಳ ಪಾಲಿಗೆ ಬಂತು. ಹದಿನಾರು ಗ್ರಾಮದ ಮನೆಯಿಂದ ತಿ. ನರಸೀಪುರದ ತಮ್ಮ ಗೊಬ್ಬರದಂಗಡಿಗೆ ಅವರು ಅಲ್ಲಿಯವರೆಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದವರು. ಮಗ ಅಮೃತೇಶನಿಗೆ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಅವನನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ನಯನಳಿಗೆ ಲೈಸೆನ್ಸ್ ಇತ್ತು, ಧೈರ್ಯ ಅಷ್ಟಕ್ಕಷ್ಟೆ. ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತ ಮಾವ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಗೇರು ಬದಲಿಸುವ ಜಾಗ ಬಂದಾಗಲೆಲ್ಲ ಅವರ ಎಡಗೈ ತೊಡೆಯ ಮೇಲೆ ತಾನಾಗಿ ಆಡುತ್ತಿತ್ತು.

ಆವತ್ತು ಬೆಳಗ್ಗೆ ನಾಲೆ ಪಕ್ಕದ ತಿರುವಿನಲ್ಲಿ, ಕಬ್ಬಿನ ಗದ್ದೆಯ ಕಡೆಯಿಂದ ಏನೋ ಒಂದು ರಸ್ತೆಗೆ ಅಡ್ಡ ಬಂತು. ಉದ್ದನೆಯ ಮೈ, ನೆಲ ಸವರುವಂಥ ಬಾಲ. ನಯನ ಕಾಲಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬ್ರೇಕ್ ತುಳಿದಳು. ಕಾರು ಮುಗ್ಗರಿಸಿ ಆಫ್ ಆಯಿತು. ತಲೆಯೆತ್ತಿ ನೋಡುವಷ್ಟರಲ್ಲಿ ಅಲ್ಲಿ ಏನೂ ಇಲ್ಲ, ಏರಿ ಮೇಲಿನ ಹುಲ್ಲು ಮಾತ್ರ ಅಲ್ಲಾಡುತ್ತಿತ್ತು.

ನಾಯಿಯಿರಬೇಕು ಅಂದುಕೊಂಡಳು. ನಾಯಿ ಹಾಗೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು ಓಡುವುದಿಲ್ಲವಲ್ಲ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಮಾವ, "ಕಿರುಬ" ಅಂದರು. ಆ ಕಡೆಯ ಹಳಬರು ಚಿರತೆಗೆ ಅನ್ನುವ ಮಾತು ಅದು. ಅಷ್ಟು ಖಚಿತವಾಗಿ ಅಂದದ್ದರಿಂದ, ಹೊಸ ಕಣ್ಣಲ್ಲಿ ಅವರಿಗೇ ಸರಿಯಾಗಿ ಕಂಡಿರಬೇಕು ಅಂತ ನಯನ ಸುಮ್ಮನಾದಳು.

ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬಸವಪ್ರಸಾದ್ ಯೂರಿಯಾಕ್ಕೆ ಬಂದಿದ್ದ. ಆ ತಿರುವಿನ ಕಬ್ಬು ಅವನದೇ. ಮಾವ ಸುದ್ದಿ ಹೇಳಿದರೆ ಅವನು ನಂಬಲಿಲ್ಲ. ಆಪರೇಷನ್ ಆದ ಕಣ್ಣಿಗೆ ಬೆಕ್ಕೂ ಹುಲಿಯಾಗಿ ಕಾಣುತ್ತದೆ ಅಂತ ತಮಾಷೆ ಮಾಡಿದ. ಮಾವನ ಮುಖ ಕಪ್ಪಿಟ್ಟಿತು. ಸೊಸೆಯೂ ನೋಡಿದ್ದಾಳೆ, ಬೇಕಾದರೆ ಕೇಳು ಅಂದರು.

ಅಂಗಡಿ ಮುಂದೆ ನಿಂತಿದ್ದವರೆಲ್ಲ ನಯನಳ ಕಡೆ ತಿರುಗಿದರು. ಅವಳು ಹೂಂ ಅಂದಳು.

"ಚುಕ್ಕೆ ಇತ್ತೇನವ್ವ?" ಬಸವಪ್ರಸಾದ್ ಕೇಳಿದ.

"ಇತ್ತು."

ಯಾಕೆ ಹಾಗಂದಳೋ ಅವಳಿಗೇ ತಿಳಿಯಲಿಲ್ಲ. ಅಂದಮೇಲೆ ಮಾತ್ರ ಮನಸ್ಸಿನಲ್ಲಿ ಆ ಪ್ರಾಣಿಯ ಮೈಮೇಲೆ ಚುಕ್ಕೆಗಳು ಒಂದೊಂದಾಗಿ ಮೂಡತೊಡಗಿದವು.

ಸಂಜೆಯೊಳಗೆ ಸುದ್ದಿ ಸುತ್ತಲಿನ ಊರುಗಳ ಫೋನುಗಳಿಗೆಲ್ಲ ಹಬ್ಬಿತು. ಕಬ್ಬು ಕಡಿಯುವವರು ಗದ್ದೆಗೆ ಇಳಿಯಲು ಒಪ್ಪಲಿಲ್ಲ, ಹೆಂಗಸರು ಹುಲ್ಲಿಗೆ ಹೋಗುವುದನ್ನು ಬಿಟ್ಟರು. ಅರಣ್ಯ ಇಲಾಖೆಯ ಕೃಷ್ಣಕುಮಾರ್ ಬಂದು ಜಾಗ ನೋಡಿದರು. ನೆಲ ಗಟ್ಟಿ, ಹೆಜ್ಜೆ ಗುರುತೇ ಇರಲಿಲ್ಲ. ಎಷ್ಟು ಎತ್ತರ ಇತ್ತು ಅಂತ ಕೇಳಿದ್ದಕ್ಕೆ ನಯನ ಮೊಣಕಾಲ ಹತ್ತಿರ ಕೈ ಹಿಡಿದಳು, ಮಾವ ಸೊಂಟದ ಹತ್ತಿರ ಹಿಡಿದರು. ಕೃಷ್ಣಕುಮಾರ್ ಇಬ್ಬರನ್ನೂ ನೋಡಿ, ಕಬ್ಬಿನ ಆಚೆ ಬದಿಯ ಅಂಚಿಗೆ ಒಂದು ಬೋನು ತರಿಸಿ ಇಟ್ಟರು.

ಒಂದು ವಾರವಾದರೂ ಬೋನಿಗೆ ಏನೂ ಬೀಳಲಿಲ್ಲ. ಆಮೇಲೊಂದು ಬೆಳಗ್ಗೆ ನಯನ ಅದೇ ತಿರುವಿನಲ್ಲಿ ನಿಧಾನ ಮಾಡಿದಾಗ, ನಾಲೆಯೊಳಗಿಂದ ಒಂದರ ಹಿಂದೊಂದು ನೀರುನಾಯಿಗಳು ಏರಿ ಹತ್ತಿ ಬಂದವು. ಒದ್ದೆ ಮೈ, ಗಿಡ್ಡ ಕಾಲು, ನೆಲ ಸವರುವ ದಪ್ಪ ಬಾಲ. ಒಂದರ ಬಾಯಲ್ಲಿ ಮೀನು. ತೊಯ್ದ ಕೂದಲು ಗಂಟುಗಂಟಾಗಿ ಬಿಸಿಲಿಗೆ ಅಲ್ಲಲ್ಲಿ ಹೊಳೆಯುತ್ತಿತ್ತು. ಕಾರಿನ ಕಡೆಗೊಮ್ಮೆ ಕತ್ತೆತ್ತಿ ನೋಡಿ, ರಸ್ತೆ ದಾಟಿ ಕಬ್ಬಿನೊಳಗೆ ನುಗ್ಗಿದವು.

ಆವತ್ತಿನದೂ ಇದೇ ಇರಬೇಕು ಅಂತ ನಯನಳಿಗೆ ಹೊಳೆಯಿತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಮಾವನ ಮುಖ ನೋಡಲಾಗದೆ, ಸ್ಟೇರಿಂಗ್ ನೋಡುತ್ತಲೇ ಹೇಳಿದಳು: "ಮಾವ, ಆವತ್ತು ನಾನು ಸರಿಯಾಗಿ ನೋಡ್ಲೇ ಇಲ್ಲ. ನೀವು ಕಿರುಬ ಅಂದ್ರಲ್ಲ, ಅದಕ್ಕೇ ಹೂಂ ಅಂದೆ."

ಶಂಭುಲಿಂಗಪ್ಪ ಕನ್ನಡಕ ತೆಗೆದು ಟವೆಲಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ನಂಗೆಲ್ ಕಾಣ್ತಿತ್ತವ್ವ ಆವತ್ತು? ಎಲ್ಲಾ ಮಂಜುಮಂಜು. ನೀ ಅಂಗೆ ಬ್ರೇಕ್ ತುಳುದ್ಯಲ್ಲ, ಕಿರುಬನೇ ಕಂಡಿರ್ಬೇಕು ಅನ್ಕಂಡೆ."

ನಗಬೇಕೋ ಅಳಬೇಕೋ ನಯನಳಿಗೆ ಗೊತ್ತಾಗಲಿಲ್ಲ. ಇಬ್ಬರ ಮಾತು ನಂಬಿ ಅಷ್ಟು ಜನ ಕೆಲಸ ಬಿಟ್ಟು ಕೂತಿದ್ದಾರೆ. ಕೃಷ್ಣಕುಮಾರ್‌ಗೆ ನಾನೇ ಹೇಳಿಬಿಡುತ್ತೇನೆ, ಮರ್ಯಾದೆ ಹೋದರೆ ಹೋಗಲಿ ಅಂತ ಮಾವ ಫೋನು ತೆಗೆದರು. ನಂಬರು ಹುಡುಕುತ್ತಿರುವಾಗಲೇ ಅದು ಹೊಡೆದುಕೊಂಡಿತು. ಬಸವಪ್ರಸಾದ್. ಬೆಳಗಿನ ಜಾವ ಚಿರತೆ ಬೋನಿಗೆ ಬಿದ್ದಿದೆ, ನಿಮ್ಮ ಮಾತು ನಿಜವಾಯಿತು, ಬೇಗ ಬನ್ನಿ ಅಂದ.

ಗದ್ದೆಯ ಆ ಬದಿಯ ದಾರಿಯಲ್ಲಿ ಜನ ಕಿಕ್ಕಿರಿದಿದ್ದರು. ಇವರನ್ನು ಕಂಡು ದಾರಿ ಬಿಟ್ಟರು. ಬೋನಿನ ಮೂಲೆಗೆ ಒತ್ತಿಕೊಂಡು ಗಂಡು ಚಿರತೆಯೊಂದು ಹಲ್ಲು ಕಿರಿದು ಗುರುಗುಟ್ಟುತ್ತಿತ್ತು. ಬಸವಪ್ರಸಾದ್ ಬಂದು, ಆವತ್ತಿನ ತಮಾಷೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಮಾವನ ಕೈ ಹಿಡಿದ.

"ಇದೇ ತಾನೆ ಮೇಡಂ, ನೀವು ನೋಡಿದ್ದು?" ಕೃಷ್ಣಕುಮಾರ್ ಕೇಳಿದರು.

"ಗೊತ್ತಿಲ್ಲ ಸಾರ್," ಅಂದಳು ನಯನ. ಭಯಕ್ಕೆ ಹಾಗನ್ನುತ್ತಿದ್ದಾಳೆ ಅಂತ ಎಲ್ಲರೂ ನಕ್ಕರು. ನೀರುನಾಯಿಯ ಸಂಗತಿ ಹೇಳಹೊರಟರೆ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಮಾವ ಬಗ್ಗಿ ಬಹಳ ಹೊತ್ತು ಚಿರತೆಯನ್ನೇ ನೋಡಿದರು. ಆಮೇಲೆ ಸೊಸೆಯ ಹತ್ತಿರ ಬಂದು, ಅವತ್ತು ಅದರ ಕಿವಿ ಹೇಗಿತ್ತು, ಸಣ್ಣದೋ ದೊಡ್ಡದೋ ಅಂತ ಮೆಲ್ಲಗೆ ಕೇಳಿದರು. ನಯನ ಕಣ್ಣು ಮುಚ್ಚಿ ನೆನೆಸಿಕೊಂಡಳು. ಒಂದು ಸಲ ಚಿರತೆ ಬಂತು, ಒಂದು ಸಲ ನೀರುನಾಯಿ ಬಂತು.

ಕಬ್ಬು ಕಡಿಯುವವರು ಮಾರನೆಯ ದಿನವೇ ಗದ್ದೆಗೆ ಇಳಿದರು. ಊರಿನಲ್ಲಿ ಈಗಲೂ ಯಾರಾದರೂ ಆ ಸುದ್ದಿ ಎತ್ತಿದರೆ, ನೀನೇ ಹೇಳವ್ವ, ನೀವೇ ಹೇಳಿ ಮಾವ ಅನ್ನುವಂತೆ ಮಾವ ಸೊಸೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.