ಎಲ್ಲರೂ ನೋಡಿದ ಕಾಲು

ಮುಂದಿನ ಸೀಟಿನವನ ಅಂಗೈಯ ಮೊಬೈಲಿನೊಳಗೆ ಕೆಂಪು ಬನಿಯನ್ನಿನ ಚುಕ್ಕಿಯೊಂದು ಓಡಿತು, ಬಿದ್ದಿತು, ಮತ್ತೆ ಮೊದಲಿನಿಂದ ಓಡಿತು — ಇರಲಿ, ಬಸ್ಸಿನಲ್ಲಿ ಯಾರು ಯಾರೋ ಏನೇನೋ ನೋಡುತ್ತಾರೆ, ಶೈಲಶ್ರೀ ಕಿಟಕಿಗೆ ಮುಖ ತಿರುಗಿಸಿದಳು, ಭಾಲ್ಕಿ ಹಿಂದಾಯಿತು, ಇನ್ನು ತೊಗರಿ ಹೊಲ, ತೊಗರಿ ಹೊಲ, ತೊಡೆಯ ಮೇಲಿನ ಬುತ್ತಿ ಇನ್ನೂ ಬೆಚ್ಚಗಿದೆ, ಬೀದರ ಆಸ್ಪತ್ರೆ ಮುಟ್ಟುವುದರೊಳಗೆ ರೊಟ್ಟಿ ಬಿರುಸಾಗುತ್ತದೆ, ಗಂಡನಿಗೆ ಬಿರುಸು ರೊಟ್ಟಿಯೇ ಸೇರುತ್ತದೆ, ಆದರೆ ಮಲಗಿದಲ್ಲೇ ಮುರಿದು ತಿನ್ನಬೇಕು, ಮುರಿದು — ಈ ಮಾತೊಂದು ಎಲ್ಲೆಲ್ಲಿಂದಲೋ ಬರುತ್ತದೆ. ಇಲ್ನೋಡ್ರಿ ಭಾಯ್, ಕಾಲು ಹ್ಯಾಂಗ ತಿರಗ್ತದ, ನಮ್ಮ ಭಾಲ್ಕಿ ಕಬಡ್ಡಿದೇ ಇದು, ಮೆಹಕರ ಊರಿನ ಹುಡುಗ ಅಂತ. ಅವನ ಪಕ್ಕದವನು ಬಾಗಿದ, ನಿಂತವರೂ ಬಾಗಿದರು, ಯಪ್ಪಾ, ಬ್ಯಾಡ್ರಿ ಬ್ಯಾಡ್ರಿ, ತಡೀರಿ, ಮತ್ತೊಮ್ಮಿ ಹಾಕ್ರಿ. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಅವಳೂ ಹೀಗೆ ನೋಡಿದವಳೇ, ಊಟವಾದ ಮೇಲೆ ಗಂಡನ ಭುಜಕ್ಕೆ ಒರಗಿ, ಅವನ ಮೊಬೈಲಿನಲ್ಲಿ ಯಾವ ದೇಶದವನೋ ಚೆಂಡಿನ ಹಿಂದೆ ಓಡುತ್ತ ಮೊಣಕಾಲು ಹೊರಳಿಸಿಕೊಂಡು ಬೀಳುವುದನ್ನು, ಬೆರಳ ಸಂದಿಯಿಂದ, ಕಣ್ಣು ಕೀಳದೆ, ಅಮಿತಕುಮಾರ ನಗುತ್ತಿದ್ದ, ನೋಡ್ಲಿಕ್ಕ ಆಗಲ್ಲಂತಿ, ನೋಡದು ಬಿಡಲ್ಲಂತಿ, ಯಾಕ ಶೈಲು. ಯಾಕೋ ಯಾರಿಗೆ ಗೊತ್ತು. ಹಲಬರ್ಗಾ, ಯಾರ್ರಿ ಹಲಬರ್ಗಾ ಇಳಿಯೋರು, ಕಂಡಕ್ಟರ್ ಕೂಗಿದ, ಯಾರೂ ಇಳಿಯಲಿಲ್ಲ, ಎಲ್ಲರಿಗೂ ಬೀದರವೇ. ಆ ಭಾನುವಾರ ಔರಾದದವರ ಮೇಲೆ ಅಮಿತಕುಮಾರನ ಆಟ, ಬಿಸಿಲಿತ್ತು, ಅತ್ತೆ ಗುರಮ್ಮ ಗಂಟಲು ಒಣಗ್ಯಾದ ನೀರ ಕೊಡವ್ವಾ ಅಂದರು, ಬಾಟಲಿಗೆಂದು ಚೀಲಕ್ಕೆ ಬಾಗಿದ್ದಳು, ಅಷ್ಟೇ, ಹೋ ಎನ್ನುತ್ತಿದ್ದ ಮೈದಾನ ನಡುವಿನಲ್ಲೇ ಬಾಯಿ ಮುಚ್ಚಿತು, ತಲೆ ಎತ್ತುವಷ್ಟರಲ್ಲಿ ಜನ ಸುತ್ತುವರಿದಿದ್ದರು, ಬೆನ್ನುಗಳು, ಬರೀ ಬೆನ್ನುಗಳು. ಭಾಲ್ಕಿ ನೋಡಿತು, ಔರಾದ ನೋಡಿತು, ಹಾಲು ಹಾಕುವವಳೂ ನೋಡಿದಳಂತೆ, ನೋಡದವಳು ಅವಳೊಬ್ಬಳು.

ಕಾಲು ಹಿಡಿದ ಔರಾದದ ಸಂಘಪಾಲ ಮರುದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲೊಲ್ಲ, ವೈನಿ, ನಾ ಬರೇ ಕಾಲ ಹಿಡದಿದ್ದೆರಿ, ಎಲ್ಲಾರೂ ಹಿಡಿತಾರಲ್ರಿ, ಹೌದು, ಹಿಡಿಯುವುದೇ ಆಟ, ಯಾರನ್ನು ಏನನ್ನಬೇಕು, ಡಾಕ್ಟರು ರಾಡ್ ಹಾಕಿದ್ದಾರೆ, ನಡೀತಾನ, ಆಡೋದು ಮಾತ್ರ ಹೇಳ್ಲಿಕ್ಕ ಬರಲ್ಲ ಅಂದಿದ್ದಾರೆ, ಅದನ್ನು ಅವನಿಗೆ ಇನ್ನೂ ಹೇಳಿಲ್ಲ, ಅವನು ಕೇಳಿಯೂ ಇಲ್ಲ, ಒಂದೇ ಮಾತು ಕೇಳಿಕೊಂಡ, ಆ ವಿಡಿಯೋ ಎಲ್ಲಾರೂ ನೋಡ್ಲಿ, ನೀ ಒಬ್ಬಾಕಿ ನೋಡಬ್ಯಾಡ, ನನ್ನ ಆಣಿ. ಆಣೆ ಹಾಕಿದ್ದಕ್ಕೇ ಇರಬೇಕು, ಅಂದಿನಿಂದ ಕಣ್ಣು ಮುಚ್ಚಿದರೆ ಕಾಲೇ, ಪ್ರತಿಸಲ ಬೇರೆ ಥರ ಮುರಿಯುವ ಕಾಲು, ನಿಜವಾದದ್ದು ಇಷ್ಟು ಕೆಟ್ಟದಿರಲಿಕ್ಕಿಲ್ಲ, ಒಮ್ಮೆ ನೋಡಿಬಿಟ್ಟರೆ ಉಳಿದವೆಲ್ಲ ನಿಲ್ಲಬಹುದು — ಅಣ್ಣಾ, ಬಂದ್ ಮಾಡ್ರಿ, ಅವ್ರು ನಮ್ಮ ಮನಿಯವ್ರು ಎನ್ನಲು ಬಾಯಿ ತೆರೆದಳು, ಅಣ್ಣಾ, ಸ್ವಲ್ಪ ಈ ಕಡಿ ಹಿಡೀರಿ ಎಂದಿತು ಬಾಯಿ. ನೋಡ್ರಿ ಅಕ್ಕಾ, ಗಟ್ಟಿ ಜೀವ ಇದ್ರ ನೋಡ್ರಿ. ಯಾರೋ ಅದಕ್ಕೆ ಹಲಗಿ ಬಡಿತ ಸೇರಿಸಿದ್ದಾರೆ, ಓಟ ನಿಧಾನ ಮಾಡಿದ್ದಾರೆ, ಅವನು ನೀರಿನಲ್ಲಿ ನಡೆದಂತೆ ಗೆರೆ ದಾಟುತ್ತಾನೆ, ಒಬ್ಬನನ್ನು ಮುಟ್ಟುತ್ತಾನೆ, ಹಿಂದಿರುಗಿ ಬಂದುಬಿಟ್ಟರಾಯಿತು, ಬರಬಾರದೇ, ಬರುವುದಿಲ್ಲ, ಗೆದ್ದ ಮುಖ ಮೇಲಕ್ಕೆತ್ತಿ ಹೆಂಗಸರು ಕೂತ ಕಡೆ ನೋಡುತ್ತಾನೆ, ಅಲ್ಲೆಲ್ಲೋ ಅವಳನ್ನು ಹುಡುಕುತ್ತಾನೆ, ಚೀಲಕ್ಕೆ ಬಾಗಿದವಳು ಕಾಣದೆ ಇನ್ನೊಂದು ಗಳಿಗೆ ಹುಡುಕುತ್ತಾನೆ, ಕೆಳಗಿನಿಂದ ಸಂಘಪಾಲನ ಕೈ ಬರುತ್ತದೆ — ಕಾಲನ್ನು ಅವಳು ನೋಡಲೇ ಇಲ್ಲ, ಸೀಟಿನವನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದ, ಮುಖ ಮತ್ತೆ ಮೇಲೆದ್ದಿತು, ಹುಡುಕಿತು, ಮತ್ತೊಮ್ಮಿ ಹಾಕ್ರಿ ಅಂದರು ಯಾರೋ, ಎದ್ದಿತು, ಹುಡುಕಿತು, ಮತ್ತೆ ಆ ಮುಖ, ಹುಡುಕುತ್ತ…