ಡಾಬು ಕಾಯುವ ಗಂಟೆ

ಜೇವರ್ಗಿ ಕಡೆ ಯಾರದೋ ಮನೆಗೆ ಕನ್ನ ಬಿತ್ತೆಂಬ ಸುದ್ದಿ ಭೀಮಾ ನದಿ ದಾಟಿ ಅಫಜಲಪುರಕ್ಕೆ ಬರುವಷ್ಟರಲ್ಲಿ ಒಬ್ಬ ಕಳ್ಳ ಒಂದು ದಂಡೇ ಆಗಿದ್ದ. ಅಡತಿ ವ್ಯಾಪಾರಿ ಪೀರಪ್ಪ ಅಂದಿನಿಂದ ಗೋಡೆಗೆ ಕಿವಿಗೊಟ್ಟೇ ಊಟ ಮಾಡತೊಡಗಿದ. ಅವನ ಮನೆಯಲ್ಲಿ ಕದಿಯುವಂಥದ್ದು ಇದ್ದದ್ದು ಒಂದೇ: ಹೆಂಡತಿ ಶರಣಬಸಮ್ಮನ ಬಂಗಾರದ ಡಾಬು. ಅದೂ ಅವನು ಮಾಡಿಸಿದ್ದಲ್ಲ. ಅವಳ ತಾಯಿ ಕೊನೆಗಾಲದಲ್ಲಿ ತನ್ನ ಸೊಂಟದಿಂದ ಬಿಚ್ಚಿ ಮಗಳಿಗೆ ಕಟ್ಟಿದ್ದು.

ಶರಣಬಸಮ್ಮನ ಚಿಂತೆ ಬೇರೆ. ಆಳಂದದಲ್ಲಿ ಅಕ್ಕನ ಮಗಳ ಮದುವೆ. ಹಿಂದಿನ ಮದುವೆಗೆ ಬರಿ ಸೊಂಟದಲ್ಲಿ ಹೋದಾಗ ಅಕ್ಕ ಹಂದರಕ್ಕೆಲ್ಲ ಕೇಳುವಂತೆ ಅಂದಿದ್ದಳು: “ಅವ್ವನ ಡಾಬು ಎಲ್ಲೈತ್ಬೇ? ನಿನ್ನ ಗಂಡ ನುಂಗಿ ನೀರು ಕುಡದನೇನು?” ಅಂದು ಉಂಡ ಹುಗ್ಗಿ ಇನ್ನೂ ಶರಣಬಸಮ್ಮನಿಗೆ ಅರಗಿರಲಿಲ್ಲ.

“ಮೊದಲ ಕಳ್ಳರ ಬಂದೋಬಸ್ತ್ ಆಗ್ಲಿ,” ಎಂದ ಪೀರಪ್ಪ. “ಆಮ್ಯಾಲ ಹಾಕ್ಕೊಳ್ಳುವಂತಿ.”

ಬಂದೋಬಸ್ತಿನ ಆಯ್ಕೆ ಕಟ್ಟೆಯ ಮೇಲೆ ನಡೆಯಿತು. ಪಕ್ಕದ ಮನೆಯ ಕರೀಮಸಾಬ ಗಿನಿಕೋಳಿ ಸಾಕಲು ಹೇಳಿದ. “ಬೆಕ್ಕು ಸೀನಿದ್ರೂ ಓಣಿ ಎಬ್ಬಸ್ತಾವ, ಸೇಠ.”

“ನಮ್ಮ ಮನ್ಯಾಗ ಕೋಳಿ? ಮಠದ ಅಪ್ಪನೋರು ಬಂದ್ರ ಏನಂದಾರು?”

“ಸಾಕ್ರಿ ಅಂದೆ, ತಿನ್ರಿ ಅಂದೇನು?”

ಮುಧೋಳ ನಾಯಿಗೆ ದಿನವೂ ಹಾಲು ಬೇಕೆಂದು ತಿಳಿದಾಗ ಪೀರಪ್ಪನಿಗೆ ಕಳ್ಳನೇ ಸೋವಿ ಎನ್ನಿಸಿತು. ತಾನೇ ಕಾಯುತ್ತೇನೆಂದು ಆಳು ಅಮೋಘಸಿದ್ದ ಮುಂದೆ ಬಂದ. ಹೊಲ ಕಾಯುವಾಗ ಅವನು ಹೊದ್ದ ಕಂಬಳಿಯನ್ನೇ ಯಾರೋ ಒಯ್ದದ್ದು ಊರಿಗೆಲ್ಲ ಗೊತ್ತಿತ್ತು.

ಕೊನೆಗೆ ಸೊಲ್ಲಾಪುರದ ಮಿಲ್ಲಿನ ಫಿಟ್ಟರನೊಬ್ಬ ಮಾಡಿಕೊಟ್ಟ ಗಂಟೆ ಬಂತು. ಯುದ್ಧದ ಕಾಲ, ನಿಜಾಮರ ಗಡಿಯ ಸುಂಕದ ನಾಕೆಯಲ್ಲಿ ಅದನ್ನು ಬಾಂಬೆಂದು ತಿಳಿದು ಅರ್ಧ ದಿನ ಯಾರೂ ಹತ್ತಿರ ಸುಳಿಯಲಿಲ್ಲವಂತೆ. ಡಾಬು ಇಟ್ಟ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ತಂತಿ ಜಗ್ಗಿ, ಮಾಳಿಗೆಯ ಮೇಲಿನ ಗಂಟೆ ಬಡಿದುಕೊಳ್ಳುತ್ತಿತ್ತು. ಪೀರಪ್ಪ ಬಂದವರನ್ನೆಲ್ಲ ಒಳಗೆ ಕರೆದು ಪೆಟ್ಟಿಗೆ ಎಲ್ಲಿದೆ, ತಂತಿ ಎಲ್ಲಿ ಹಾಯುತ್ತದೆ ಎಂದು ಬಿಡಿಸಿ ಹೇಳಿ, ಮುಚ್ಚಳ ಎತ್ತಿ ಬಾರಿಸಿಯೂ ತೋರಿಸಿದ. ಕಳ್ಳನೊಬ್ಬ ಬಂದಿದ್ದರೆ ಅವನಿಗೂ ಹೇಳುತ್ತಿದ್ದ.

ಗಂಟೆ ಬಾರಿಸಿದಾಗಲೆಲ್ಲ ಓಣಿಯ ಗಂಡಸರು ಬಡಿಗೆ ಹಿಡಿದು ಓಡಿ ಬಂದರು. ಓಡಿ ಬಂದವರನ್ನು ಹಾಗೇ ಕಳಿಸುವುದುಂಟೆ? ಚಾ ಆಗಲೇಬೇಕು. ರೇಷನ್ನಿನ ಸಕ್ಕರೆ ಕರಗಿತು. ಬರಬರುತ್ತ ಜನ ಬಡಿಗೆ ಮನೆಯಲ್ಲೇ ಬಿಟ್ಟು, ಮುಖ ತೊಳೆದುಕೊಂಡು ಬರತೊಡಗಿದರು.

“ಗಂಟಿ ಬಂತಲ್ರಿ. ಇನ್ನ ಡಾಬು ಕೊಡ್ರಿ,” ಎಂದಳು ಶರಣಬಸಮ್ಮ.

“ಹುಚ್ಚಿ ಇದ್ದೀ ಏನು? ಇಲ್ಲಿ ಗಂಟಿ ಐತಿ. ಆಳಂದದಾಗ ಎಲ್ಲೈತಿ?”

ಹೊರಡುವ ಬೆಳಿಗ್ಗೆ, ಗಂಡ ಅಂಗಳದಲ್ಲಿ ಬಂಡಿ ಹೂಡಿಸುತ್ತಿದ್ದಾಗ, ಅವಳು ದೇವರ ಗೂಡಿನಿಂದ ಬೀಗದ ಕೈ ತೆಗೆದು ಮುಚ್ಚಳ ಎತ್ತಿದಳು. ಗಂಟೆ ಮೈಮೇಲೆ ದೇವರು ಬಂದಂತೆ ಬಡಿದುಕೊಂಡಿತು. ಅದಕ್ಕೆ ಕಿವಿಗೊಡದೆ ಡಾಬು ಕಟ್ಟಿ, ಸೆರಗು ಸುತ್ತಿ ಸಿಕ್ಕಿಸಿ, ಬೀಗ ಹಾಕಿ ಒಲೆಯ ಮುಂದೆ ಹೋಗಿ ಕುಳಿತಳು. ಓಣಿ ನೆರೆಯಿತು.

“ನೋಡ್ರಿ, ಇಲಿ ಓಡ್ಯಾಡಿದ್ರೂ ಬಿಡೂದಿಲ್ಲ!” ಪೀರಪ್ಪ ಉಬ್ಬಿಹೋಗಿ ಮತ್ತೆ ತಂತಿಯ ಮಹಿಮೆ ಹೇಳಿದ. ಮಾಲು ಕಟ್ಟಿಕೊಂಡವಳೇ ಎಲ್ಲರಿಗೂ ಚಾ ಕೊಟ್ಟಳು.

ಅವನು ಮದುವೆಗೆ ಬರಲಿಲ್ಲ. ಪೆಟ್ಟಿಗೆ ಕಾಯಬೇಕಲ್ಲ!

ಅವಳು ಆಳಂದದಲ್ಲಿದ್ದಾಗ ಜೇವರ್ಗಿಯಿಂದ ಬಂದ ಬೀಗರಿಗೆ ಪೀರಪ್ಪ ಪೆಟ್ಟಿಗೆ ತೆರೆದು ತೋರಿಸಿದ. ಗಂಟೆ ಬಾರಿಸಿತು, ಒಳಗೆ ಏನೂ ಇರಲಿಲ್ಲ. ಪೀರಪ್ಪ ಗಂಟೆಗಿಂತ ಜೋರಾಗಿ ಬಡಿದುಕೊಂಡ. ಠಾಣೆಯ ಅಮೀನಸಾಹೇಬ ಬಂದು ಕುರ್ಚಿ ಹಾಕಿಸಿಕೊಂಡ.

“ಕಳುವಾದಾಗ ಗಂಟಿ ಬಾರಿಸಲಿಲ್ಲೇನು?”

“ದಿನಾ ಬಾರಸ್ತದ್ರಿ ಸಾಹೇಬ್ರ,” ಎಂದ ಕರೀಮಸಾಬ.

“ಮತ್ತ ನೀವೆಲ್ಲ ಏನ್ ಮಾಡಾಕತ್ತಿದ್ರಿ?”

“ಚಾ ಕುಡ್ಯಾಕತ್ತಿದ್ವಿರಿ.”

ಅಷ್ಟರಲ್ಲಿ ಬಂಡಿ ಬಂದು ನಿಂತಿತು. ಶರಣಬಸಮ್ಮ ಇಳಿದಳು. ಸೆರಗು ಮೇಲಕ್ಕೆ ಸಿಕ್ಕಿಸಿದ್ದಳು; ಸೊಂಟದಲ್ಲಿ ಡಾಬು ಬಿಸಿಲಿಗೆ ಹೊಳೆಯಿತು. ಪೀರಪ್ಪ ಪೆಟ್ಟಿಗೆಯತ್ತ ಒಮ್ಮೆ, ಅವಳ ಸೊಂಟದತ್ತ ಒಮ್ಮೆ ನೋಡಿದ.

“ಯಾವಾಗ ತಗೊಂಡಿ?”

“ಗಂಟಿ ಬಾರಿಸಿದಾಗ. ನೀವ ಎಲ್ಲಾರಿಗೂ ಹೇಳಾಕತ್ತಿದ್ರಲ್ಲ, ಹ್ಯಾಂಗ ಬಾರಸ್ತದಂತ.”

ಅಮೀನ ಮೀಸೆಯ ಮೇಲೆ ಕೈ ಇಟ್ಟು ನಗು ಅಡಗಿಸಿದ. ಪೀರಪ್ಪ ಎದೆ ಸೆಟೆಸಿದ. “ನೋಡಿದ್ರ್ಯಾ ಸಾಹೇಬ್ರ? ಮನಿಯಾಕಿ ಮುಟ್ಟಿದ್ರೂ ಬಾರಿಸೇತಿ. ಮಾಲು ಖರೇ!”

ಸೊಂಟದ ಡಾಬನ್ನು ಶರಣಬಸಮ್ಮ ಮತ್ತೆ ಬಿಚ್ಚಲಿಲ್ಲ. ಹಿಟ್ಟು ಬೀಸುವಾಗಲೂ ಇಲ್ಲ. “ಅಕ್ಕ ಏನಂದಳು?” ಎಂದು ಕೇಳಿದವರಿಗೆಲ್ಲ, “ಎರಡನೇ ಸಲ ಹುಗ್ಗಿ ಬಡಿಸಿದಳು” ಎಂದಷ್ಟೇ ಹೇಳಿದಳು. ಆ ಪೆಟ್ಟಿಗೆಯಲ್ಲಿ, ಓಣಿ ಕುಡಿದು ಉಳಿಸಿದ ಸಕ್ಕರೆಯನ್ನಿಟ್ಟು ಬೀಗ ಹಾಕಿದಳು.