ಚೀಲದ ಪಟ್ಟಿ

ನನಗೆ ಹೊಟ್ಟೆಕಿಚ್ಚು ಅಂತ ಮನೆಯವರೆಲ್ಲ ಬೆನ್ನ ಹಿಂದೆ ಹೇಳುತ್ತಾರೆ. ಹೇಳಲಿ. ಬೆಳಗಿನಿಂದ ಮಗಳಿಗೆ ಓದು, ಬರಹ, ಅಡುಗೆ, ಹೊಲಿಗೆ ಎಲ್ಲ ಕಲಿಸುವವಳು ನಾನು. ಸಂಜೆಯಾದ ಕೂಡಲೇ ಅವಳು ಓಡುವುದು ಮಹಡಿಯ ಮೇಲಿರುವ ನನ್ನ ವಾರಗಿತ್ತಿಯ ಹತ್ತಿರ. ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ?

ಮಗಳನ್ನು ನಾವು ಗುಂಡುಸೂಜಿ ಅನ್ನುತ್ತೇವೆ. ಸಣಕಲು ಮೈ, ಮೇಲೊಂದು ದುಂಡು ತಲೆ. ಹತ್ತು ತುಂಬಿದರೂ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ಅಡುಗೆಮನೆಯೇ ಅವಳ ಶಾಲೆ. ಬ್ರೆಡ್ಡಿಗೆ ಹಿಟ್ಟು ಅಳೆಯುತ್ತ ಭಿನ್ನರಾಶಿ ಕಲಿತಳು, ಸ್ಕರ್ಟಿಗೆ ಬಟ್ಟೆ ಕತ್ತರಿಸುತ್ತ ವೃತ್ತ, ತ್ರಿಜ್ಯ ಕಲಿತಳು. ಪುಸ್ತಕಗಳಿರುವುದು ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ. ಒಂದು ಕೈ ಚಾಚಿದರೆ ಗಣಿತ, ಇನ್ನೊಂದು ಕೈ ಚಾಚಿದರೆ ಸಕ್ಕರೆ. ನನ್ನದು ಒಂದೇ ಕಟ್ಟುನಿಟ್ಟು. ಹೊಲಿಗೆ ಸೊಟ್ಟಗಾದರೆ ಬಿಚ್ಚಬೇಕು, ಮತ್ತೆ ಹೊಲಿಯಬೇಕು. 'ಚೆನ್ನಾಗಿದೆ' ಎಂಬ ಮಾತನ್ನು ಸುಮ್ಮಸುಮ್ಮನೆ ಹಂಚುವವಳಲ್ಲ ನಾನು.

ವಾರಗಿತ್ತಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಅವಳು ಮಾಡಿದ ಸೂಪನ್ನು ನನ್ನ ಮೈದುನ ಔಷಧಿ ಕುಡಿದ ಹಾಗೆ ಕುಡಿಯುತ್ತಾನೆ. ಆದರೇನು, ಅವಳು ಶಾಲೆಯಲ್ಲಿ ಟೀಚರು! ಸಂಜೆ ಅವಳು ಚಪ್ಪಲಿ ಬಿಡುವ ಸದ್ದಾದರೆ ಸಾಕು, ಗುಂಡುಸೂಜಿ ಕೈಯಲ್ಲಿದ್ದುದನ್ನು ಬಿಸಾಡಿ ಮೆಟ್ಟಿಲು ಹತ್ತುತ್ತಾಳೆ. ಆಮೇಲೆ ಮೇಲಿನಿಂದ ಇಬ್ಬರ ನಗು. ನಾನು ಕೆಳಗೆ ಈರುಳ್ಳಿ ಹೆಚ್ಚುತ್ತ ಕೂರುತ್ತೇನೆ, ಕಣ್ಣೀರಿಗೊಂದು ನೆಪವಾದರೂ ಇರಲಿ ಅಂತ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಂದು ಬೆಳಿಗ್ಗೆ ಹೊಲಿಗೆ ಮಿಷನ್ನಿನ ಕೆಳಗೆ ನೀಲಿ ಬಟ್ಟೆಯ ಚೂರುಗಳು ಬಿದ್ದಿದ್ದವು. ಹಳೆಯ ಪರದೆಯ ಬಟ್ಟೆ.

"ಏನ್ ಹೊಲೀತಿದೀಯೇ?"

"ಚೀಲ."

"ತರಕಾರಿಗಾ?"

ಅವಳು ಹಲ್ಲಲ್ಲಿ ದಾರ ಕಡಿದಳು. ತಲೆ ಎತ್ತಲಿಲ್ಲ. "ಪುಸ್ತಕಕ್ಕೆ. ಅಮ್ಮ, ರಜಾ ಮುಗಿದ್ಮೇಲೆ ನಾನೂ ಚಿಕ್ಕಮ್ಮನ ಸ್ಕೂಲಿಗೆ ಹೋಗ್ಲಾ?"

ಮೈಯೆಲ್ಲ ಉರಿದುಹೋಯಿತು. ಸೆರಗಿಗೆ ಕೈ ಒರೆಸಿಕೊಂಡು ನೇರ ಮಹಡಿ ಹತ್ತಿದೆ. ವಾರಗಿತ್ತಿ ಬಟ್ಟೆ ಮಡಚುತ್ತಿದ್ದಳು.

"ಏನಮ್ಮಾ, ಚೆನ್ನಾಗಿದೆ ನಿನ್ನ ಕೆಲಸ!" ಎಂದೆ.

"ಅಯ್ಯೋ ಅಕ್ಕಾ, ಸ್ಕೂಲಿನ ವಿಷಯ ನಾನು ಎತ್ತಿದ್ದಲ್ಲ!"

ನಾನಿನ್ನೂ ಶಾಲೆಯ ಹೆಸರೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು. "ಮತ್ತೆ ದಿನಾ ಬಾಗಿಲು ಹಾಕ್ಕೊಂಡು ಏನು ಪಾಠ ನಡೆಯತ್ತೆ ಇಲ್ಲಿ?"

"ಪಾಠ ಎಲ್ಲಿ ಬಂತು ಅಕ್ಕಾ? ನನ್ನ ಕೂರಿಸ್ಕೊಂಡು 'ಇವತ್ತು ಏನಾಯ್ತು' ಅಂತ ಕೇಳ್ತಾಳೆ. ಯಾರು ಬಿದ್ರು, ಯಾರು ಅತ್ರು, ಯಾರ ಡಬ್ಬಿ ಯಾರು ತಿಂದ್ರು, ಎಲ್ಲಾ ಹೇಳ್ಬೇಕು. ಸ್ಕೂಲಿಗೆ ಬರ್ತೀನಿ ಅಂದಾಗ ನಿಮ್ಮಮ್ಮನ್ನ ಕೇಳು ಅಂದೆ, ಅಷ್ಟೇ."

ನಂಬಲಿಲ್ಲ. ನಂಬುವ ಮನಸ್ಸೂ ಇರಲಿಲ್ಲ. ಗುಂಡುಸೂಜಿಯ ಅಪ್ಪ ಎಂದಿನಂತೆ "ಹೋಗ್ಲಿ ಬಿಡೇ" ಎಂದರು. ಬೇಡ ಅನ್ನಲು ನಾನು ಬಾಯಿ ತೆರೆದೆ. ಆದರೆ ಬೇಡ ಅಂದರೆ ಮಗಳ ಪಾಲಿಗೆ ನಾನು ರಾಕ್ಷಸಿ, ಅವಳ ಚಿಕ್ಕಮ್ಮ ದೇವತೆ. ಬಾಯಿ ಮುಚ್ಚಿಕೊಂಡೆ.

ಶಾಲೆ ಶುರುವಾಗುವ ಹಿಂದಿನ ದಿನ ಅವಳು ಮುಗಿದ ಚೀಲವನ್ನು ತಂದು ನನ್ನೆದುರು ಹಿಡಿದಳು. ನಾನು ಹಿಟ್ಟು ನಾದುತ್ತಿದ್ದೆ. ಅಂಚು ನೇರ, ಮೂಲೆ ಚೂಪು. ಆದರೆ ಹೆಗಲಿಗೆ ಹಾಕುವ ಪಟ್ಟಿ ಒಂದೇ ಪದರ. ಅದನ್ನು ಚೀಲಕ್ಕೆ ಸೇರಿಸಿದ್ದೂ ಒಂದೇ ಸಾಲು ಹೊಲಿಗೆಯಲ್ಲಿ. ಕೊತ್ತಂಬರಿ ಸೊಪ್ಪು ಹೊರಲು ಅದು ಸಾಕು. ನಮ್ಮ ಅಡುಗೆಮನೆಯ ಶಾಲೆಯಲ್ಲಿ ಪುಸ್ತಕ ಹೊತ್ತು ನಡೆಯುವುದೆಲ್ಲಿ ಬಂತು? ಕಪಾಟಿನಿಂದ ಮೇಜಿಗೆ ಬರುವ ಪುಸ್ತಕದ ಭಾರ ಅವಳಿಗೆ ಹೇಗೆ ಗೊತ್ತಾಗಬೇಕು! ಶಾಲೆಯ ಅಷ್ಟೂ ಪುಸ್ತಕ ತುಂಬಿದರೆ ಮಧ್ಯಾಹ್ನದೊಳಗೆ ಹರಿಯುತ್ತದೆ ಅಂತ ನೋಡಿದೊಡನೆ ತಿಳಿಯಿತು.

ಹರಿಯಲಿ ಅನ್ನಿಸಿತು. ವಾರಗಿತ್ತಿಯ ಕಣ್ಣೆದುರೇ ಹರಿಯಲಿ, ಅವಳಿಗಂತೂ ಹೊಲಿದುಕೊಡಲು ಬಾರದು. ಅಳುತ್ತ ನನ್ನ ಹತ್ತಿರವೇ ಬರಲಿ.

"ಚೆನ್ನಾಗಿದೆ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಏನೂ ಬಿಚ್ಚೋದು ಬೇಡ್ವಾ?"

"ಬೇಡ."

ಹಿಟ್ಟಿನ ಕೈ ಅಂತಲೂ ನೋಡದೆ ಬಂದು ತಬ್ಬಿಕೊಂಡಳು. ನನ್ನ ಹೊಟ್ಟೆಗೆ ಮುಖ ಒತ್ತಿಕೊಂಡೇ ಮಾತಾಡಿದಳು. "ಅಮ್ಮ, ನೀನಿಲ್ದೆ ನಾನು ಒಂದ್ಸಲನೂ ಹೊರಗಿಂದ ಮನೆಗೆ ಬಂದಿಲ್ಲ. ಇವತ್ತು ಏನಾಯ್ತು ಅಂತ ನೀನು ನನ್ನ ಕೇಳೋದೇ ಇಲ್ಲ. ಎಲ್ಲಾ ನಿನ್ನೆದುರಿಗೇ ಆಗಿರತ್ತಲ್ಲ. ನಾಳೆ ಕೇಳ್ತೀಯ?"

ಉತ್ತರಕ್ಕೆ ಕಾಯದೆ ಚೀಲ ಎತ್ತಿಕೊಂಡು ಓಡಿದಳು. "ಚಿಕ್ಕಮ್ಮಾ, ಅಮ್ಮ ಚೆನ್ನಾಗಿದೆ ಅಂದ್ಲು!" ಎಂದು ಮೆಟ್ಟಿಲ ಮೇಲಿಂದಲೇ ಕೂಗಿದ್ದು ಬೀದಿಗೂ ಕೇಳಿಸಿರಬೇಕು. ನನಗೆ ನಾದಿದ ಹಿಟ್ಟನ್ನು ನೋಡಲೂ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದದ್ದೇ ತಡ, ಮಿಷನ್ನಿನ ಮುಂದೆ ಕೂತೆ. ಪಟ್ಟಿಗೆ ಒಳಗಿನಿಂದ ಇನ್ನೊಂದು ಪದರ ಕೊಟ್ಟು, ಸೇರುವ ಜಾಗದಲ್ಲಿ ಚೌಕ ಹೊಲಿದು, ಚೌಕದೊಳಗೆ ಅಡ್ಡಡ್ಡ ಹೊಲಿಗೆ ಹಾಕಿದೆ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಗಡಿಬಿಡಿಯಲ್ಲಿ ಕೊನೆಯ ಸಾಲು ಸೊಟ್ಟಗಾಯಿತು. ಬಿಚ್ಚಲು ಹೊತ್ತಿರಲಿಲ್ಲ.

ಚೀಲ ಎತ್ತಿದ ಕೂಡಲೇ ಅವಳ ಹೆಬ್ಬೆರಳು ಪಟ್ಟಿಯ ಮೇಲೆ ಹೋಯಿತು. ನಾನೇ ಕಲಿಸಿದ ಅಭ್ಯಾಸ.

"ಇದು ನಿನ್ನ ಹೊಲಿಗೆ."

"ಪುಸ್ತಕ ಭಾರ ಇರತ್ತೆ ಕಣೇ. ನಿನ್ನೇನೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಅವಳು ಸೊಟ್ಟ ಸಾಲಿನ ಮೇಲೆ ಬೆರಳಾಡಿಸಿದಳು. ಬಿಚ್ಚು ಅನ್ನುತ್ತಾಳೆ ಅಂದುಕೊಂಡೆ.

"ಇರ್ಲಿ ಬಿಡು," ಎಂದಳು. "ಚೆನ್ನಾಗಿದೆ."

ಚಿಕ್ಕಮ್ಮನ ಕೈ ಹಿಡಿದು ಹೊರಟಳು. ಆ ಕೈ ನೋಡಿ ಮತ್ತೆ ಉರಿಯಿತು, ಸುಳ್ಳೇಕೆ ಹೇಳಲಿ.

ಇಡೀ ದಿನ ಅಡುಗೆಮನೆ ಬಿಕೋ ಅನ್ನುತ್ತಿತ್ತು. ಸಂಜೆ ಕೇಕ್ ಮಾಡಿ, ಘಮ ಮೆಟ್ಟಿಲವರೆಗೂ ಹೋಗಲಿ ಅಂತ ಬಾಗಿಲನ್ನು ಪೂರ್ತಿ ತೆಗೆದಿಟ್ಟೆ. ಎರಡು ಜೊತೆ ಹೆಜ್ಜೆ ಕೇಳಿಸಿತು. ಮೇಲೆ ಹೋಗುತ್ತವೋ ಇಲ್ಲೇ ನಿಲ್ಲುತ್ತವೋ ಎಂದು ಕಿವಿಗೊಟ್ಟೆ.

ಹೊಸ್ತಿಲ ಹೊರಗೆ ಗುಂಡುಸೂಜಿ ನಿಂತಿದ್ದಳು. ಚೀಲ ಹೆಗಲಲ್ಲೇ ಇತ್ತು. ಹಿಂದೆ ವಾರಗಿತ್ತಿ.

"ಅಮ್ಮಾ, ಬಾಗಿಲು ಯಾಕೆ ತೆಗೆದಿಟ್ಟೆ? ಹಾಕು. ನಾನು ತಟ್ಟಬೇಕು."

ವಾರಗಿತ್ತಿಯ ಮುಖದ ಮೇಲೇ ಬಾಗಿಲು ಹಾಕಿದೆ. ಆ ಸುಖವನ್ನು ಯಾಕೆ ಬಿಡಲಿ? ಚಿಲಕ ಹಿಡಿದು ಕಾದೆ. ಟಕ್ ಟಕ್ ಎಂದಿತು.

"ಯಾರದು?" ಎಂದೆ.

"ನಾನಮ್ಮ. ಮನೆಗೆ ಬಂದೆ."